ಹದಿನಾಲ್ಕು ವೋಲ್ಟಿನ ವರದಿ

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಅಂಗಡಿಗೆ ಐರೋಲಿಯಿಂದ ಫೋನ್ ಬಂತು. ಕಾರು ಸ್ಟಾರ್ಟ್ ಆಗುತ್ತಿಲ್ಲ, ಕೀ ತಿರುಗಿಸಿದರೆ ಕಟ್ ಕಟ್ ಅಂದು ಸುಮ್ಮನಾಗುತ್ತದೆ, ಬ್ಯಾಟರಿ ಹಾಕಿಸಿ ಆರು ತಿಂಗಳೂ ಆಗಿಲ್ಲ ಎಂದು ಆ ಕಡೆಯವರು ಸಿಟ್ಟಿನಲ್ಲೇ ಹೇಳಿದರು. ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಆಗ ಮುಂಬೈ ಪಕ್ಕದ ಠಾಣೆಯ ವರ್ತಕ ನಗರದ ಬ್ಯಾಟರಿ ಅಂಗಡಿಯೊಂದರಲ್ಲಿದ್ದೆ. ಗಿರಾಕಿಗಳ ಮನೆಗೇ ಹೋಗಿ ಪರೀಕ್ಷೆ ಮಾಡಿ, ವರದಿ ಬರೆದುಕೊಡುವುದು ನನ್ನ ಕೆಲಸ. ಸ್ಕೂಟರಿನ ಮುಂದೆ ಚಾರ್ಜ್ ಆದ ಒಂದು ಬ್ಯಾಟರಿ ಮತ್ತು ಜಂಪರ್ ಕೇಬಲ್, ಭುಜದ ಚೀಲದಲ್ಲಿ ಮೀಟರು, ಆಸಿಡ್ಡಿನ ಸಾಂದ್ರತೆ ಅಳೆಯುವ ಗಾಜಿನ ಹೈಡ್ರೋಮೀಟರು, ನಾಲ್ಕಾರು ಸ್ಪ್ಯಾನರು. ಇವಿಷ್ಟು ಇದ್ದರೆ ಯಾವ ಕಾರಿನ ರೋಗವನ್ನಾದರೂ ಅರ್ಧ ಗಂಟೆಯಲ್ಲಿ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಅದನ್ನು ಮುಚ್ಚಿಡುವ ಅಭ್ಯಾಸವೂ ಇರಲಿಲ್ಲ.

ಮಳೆಯಲ್ಲಿ ನೆನೆದುಕೊಂಡೇ ಮುಲುಂಡಿನಿಂದ ಖಾಡಿಯ, ಅಂದರೆ ಹಿನ್ನೀರಿನ, ಸೇತುವೆ ದಾಟಿ ಹೋದೆ. ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಬಿಳಿ ಕಾರು ನಿಂತಿತ್ತು. ಮಾಲೀಕರು ಮೈಸೂರಿನವರು, ಹತ್ತಿರದ ಐಟಿ ಪಾರ್ಕಿನ ಕಂಪನಿಯೊಂದರಲ್ಲಿ ಲೆಕ್ಕಪತ್ರದ ವಿಭಾಗದ ದೊಡ್ಡ ಹುದ್ದೆ. ನನ್ನ ಹಿಂದಿಯಲ್ಲಿದ್ದ ಉಡುಪಿಯ ರಾಗ ಕೇಳಿ, "ಕನ್ನಡದವ್ರೇನ್ರೀ?" ಎಂದು ಕೇಳಿದರು. ಹೌದೆಂದ ಮೇಲೆ ಅವರ ದೂರುಗಳೆಲ್ಲ ಕನ್ನಡದಲ್ಲೇ ಬಂದವು.

"ನೋಡಿ ಇವ್ರೇ, ಭಾನುವಾರ ನಾನೇ ಓಡಿಸ್ತೀನಿ. ಖೋಪೋಲಿವರೆಗೂ ಹೋಗಿ ಬರ್ತೀವಿ, ಏನಂದ್ರೆ ಏನೂ ಆಗಲ್ಲ. ವಾರದಲ್ಲಿ ಮೂರು ದಿನ ಇವನು ನಮ್ಮಮ್ಮನ್ನ ಮುಲುಂಡಿಗೆ ಕರ್ಕೊಂಡು ಹೋಗ್ತಾನೆ. ಮಂಗಳವಾರ, ಗುರುವಾರ ಹೋಗಿ ಬಂದ್ರೆ ಸಾಕು, ಶನಿವಾರ ಬ್ಯಾಟರಿ ಮಲಗಿರುತ್ತೆ. ಇದಕ್ಕೇನರ್ಥ, ನೀವೇ ಹೇಳಿ."

ಇವನು ಎಂದರೆ ಡ್ರೈವರ್. ನಲವತ್ತರ ಆಸುಪಾಸಿನ, ಬಿಜಾಪುರದ ಕಡೆಯ ಮನುಷ್ಯ. ಠಾಕುರ್ಲಿಯಲ್ಲಿ ಸಂಸಾರ. ಅಲ್ಲಿಂದ ಲೋಕಲ್ ರೈಲು ಹಿಡಿದು ಠಾಣೆಗೆ ಬಂದು, ಗಾಡಿ ಬದಲಿಸಿ ಐರೋಲಿಗೆ ಬರುತ್ತಿದ್ದ. ಮಾಲೀಕರ ತಾಯಿಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಿತ್ತು. ಅವರನ್ನು ಮುಲುಂಡಿನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದೊಯ್ದು, ಒಂದು ಗಂಟೆ ಕಾದು, ವಾಪಸು ತರುವುದು ಆತನ ಕೆಲಸ. ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡು ಕಂಬದ ಪಕ್ಕ ನಿಂತಿದ್ದ.

ನಾನು ಬಾನೆಟ್ ಎತ್ತಿದೆ. ಬ್ಯಾಟರಿಯಲ್ಲಿ ಹನ್ನೊಂದು ವೋಲ್ಟಿಗೂ ಕಡಿಮೆ ಇತ್ತು. ಟರ್ಮಿನಲ್ಲುಗಳು ಸ್ವಚ್ಛವಾಗಿದ್ದವು, ಅರ್ಥಿಂಗ್ ವಯರು ಬಿಗಿಯಾಗಿತ್ತು, ಇಂಜಿನ್ ತಿರುಗುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ಬೆಲ್ಟು ಹೆಬ್ಬೆರಳಲ್ಲಿ ಒತ್ತಿದರೆ ಎಷ್ಟು ತಗ್ಗಬೇಕೋ ಅಷ್ಟೇ ತಗ್ಗಿತು. ನನ್ನ ಬ್ಯಾಟರಿಯಿಂದ ಕೇಬಲ್ ಕೊಟ್ಟು, ಮಾಲೀಕರನ್ನು ಸೀಟಿನಲ್ಲಿ ಕೂರಿಸಿ ಸ್ಟಾರ್ಟ್ ಮಾಡಲು ಹೇಳಿದೆ. ಒಂದೇ ಏಟಿಗೆ ಇಂಜಿನ್ ಸ್ಟಾರ್ಟ್ ಆಯಿತು.

"ಒಮ್ಮೆ ರೇಸ್ ಕೊಡಿ ಸರ್."

ಅವರು ಎಕ್ಸಲರೇಟರ್ ಒತ್ತಿದರು. ಪಾರ್ಕಿಂಗಿನ ಛಾವಣಿ ಗೊರ್ ಎಂದಿತು. ಕೇಬಲ್ ಬಿಡಿಸಿ ಮೀಟರು ಹಿಡಿದರೆ ಹದಿನಾಲ್ಕು ಪಾಯಿಂಟ್ ಎರಡು. ರೇಸ್ ಇಳಿಸಿದ ಮೇಲೂ ಅಷ್ಟೇ. ಹೆಡ್‌ಲೈಟು, ವೈಪರು, ಫ್ಯಾನು ಎಲ್ಲ ಹಾಕಿಸಿದೆ. ಹದಿಮೂರೂ ಮುಕ್ಕಾಲಿಗಿಂತ ಕೆಳಗೆ ಇಳಿಯಲಿಲ್ಲ. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬಾನೆಟ್ಟಿನ ಹತ್ತಿರ ಒಬ್ಬ, ಸೀಟಿನಲ್ಲಿ ಒಬ್ಬ, ಇವನು ರೇಸ್ ಅನ್ನಬೇಕು, ಅವನು ಒತ್ತಬೇಕು. ನನಗೆ ಕಲಿಸಿದವರು ಹೀಗೇ ಮಾಡುತ್ತಿದ್ದರು, ಅವರಿಗೆ ಕಲಿಸಿದವರೂ ಹೀಗೇ ಮಾಡಿರಬೇಕು. ಠಾಣೆಯಿಂದ ಕಲ್ಯಾಣದವರೆಗೆ ಯಾವ ಗ್ಯಾರೇಜಿಗೆ ಹೋದರೂ ಮೀಟರು ಹೊರಬರುವ ಮೊದಲು ಈ ಗೊರ್ ಸದ್ದು ಕೇಳಿಸುತ್ತಿತ್ತು.

ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು. ಅದನ್ನೂ ಕೇಳಿದೆ. "ಓಡಿಸುವಾಗ ಸ್ಟೀರಿಂಗಿನ ಮುಂದಿನ ಫಲಕದಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತುತ್ತದಾ ಸರ್?"

"ಇಲ್ವೇ ಇಲ್ಲ. ಒಂದು ದಿನಾನೂ ನೋಡಿಲ್ಲ."

ಒಳ್ಳೆಯದಾಯಿತು ಎಂದು ಬರೆದುಕೊಂಡೆ. ಇಂಜಿನ್ ಆರಿಸಿ, ಬಾಗಿಲು ಮುಚ್ಚಿ, ಬ್ಯಾಟರಿಯ ವಯರಿನ ನಡುವೆ ಮೀಟರು ಸೇರಿಸಿ, ನಿಂತ ಕಾರು ಎಷ್ಟು ಕರೆಂಟು ತಿನ್ನುತ್ತದೆ ಎಂದು ನೋಡಿದೆ. ಇಪ್ಪತ್ತು ಮಿಲಿಆಂಪ್. ಗಡಿಯಾರ ಮತ್ತು ರೇಡಿಯೋದ ನೆನಪಿಗೆ ಬೇಕಾಗುವಷ್ಟು. ಒಂದು ತಿಂಗಳು ನಿಂತರೂ ಇದರಿಂದ ಬ್ಯಾಟರಿ ಪೂರ್ತಿ ಇಳಿಯುವುದಿಲ್ಲ.

"ಚಾರ್ಜಿಂಗ್ ಸರಿ ಉಂಟು ಸರ್. ಲೀಕೇಜೂ ಇಲ್ಲ. ನಿಂತಾಗ ಯಾರಾದರೂ ಎಂತಾದರೂ ಹಾಕಿಟ್ಟರೆ ಮಾತ್ರ ಹೀಗಾಗ್ತದೆ. ರೇಡಿಯೋ, ಫ್ಯಾನು."

ಮಾಲೀಕರು ತಿರುಗಿ ಡ್ರೈವರನ್ನು ನೋಡಿದರು.

"ನಾ ಗಾಡ್ಯಾಗ ಕುಂಡ್ರಂಗಿಲ್ರಿ ಸಾಹೇಬ್ರ," ಎಂದ ಆತ. "ಕ್ಲಿನಿಕ್ ಮುಂದ ಚಾದ ಅಂಗಡಿ ಐತ್ರಿ, ಅಲ್ಲೇ ನಿಂತಿರ್ತೀನ್ರಿ."

"ಸರಿ ಸರಿ," ಎಂದರು ಮಾಲೀಕರು. ನಂಬಿದ ದನಿಯಲ್ಲ. ನಾನು ಸಾಮಾನು ಕಟ್ಟಿಕೊಂಡು ಹೊರಟೆ.

ಎರಡು ವಾರ ಬಿಟ್ಟು ಇನ್ನೊಂದು ಶನಿವಾರ ಮತ್ತೆ ಅದೇ ಫೋನ್. ಈ ಸಲ ಮಾಲೀಕರು ಗಟ್ಟಿಯಾಗಿ ಮಾತಾಡಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ನಾನು ಹೋಗಿ ಕಾರಿಗೆ ಅಂಗಡಿಯ ಬ್ಯಾಟರಿ ಹಾಕಿ, ಮಾಲೀಕರಿಂದ ರೇಸ್ ಕೊಡಿಸಿ ಅಳೆದೆ, ಮತ್ತೆ ಅದೇ ಹದಿನಾಲ್ಕು ಪಾಯಿಂಟ್ ಎರಡು. ಅವರ ಬ್ಯಾಟರಿಯನ್ನೂ ಆಲ್ಟರ್ನೇಟರನ್ನೂ ಬಿಚ್ಚಿ ಅಂಗಡಿಗೆ ತಂದೆ. ಮುಂಗೈಗೆ ರೇಡಿಯೇಟರಿನ ಅಂಚು ತಾಗಿ ಗೀರಿತು. ಆ ಆಲ್ಟರ್ನೇಟರನ್ನು ಹೊರತೆಗೆಯಲು ಕೈ ಹೋಗುವ ಜಾಗವೇ ಇರಲಿಲ್ಲ.

ಬ್ಯಾಟರಿಯನ್ನು ಒಂದಿಡೀ ದಿನ ನಿಧಾನವಾಗಿ ಚಾರ್ಜಿಗೆ ಹಾಕಿ, ಆರೂ ಕೋಣೆಗಳ ಆಸಿಡ್ ಅಳೆದೆ. ಎಲ್ಲದರಲ್ಲೂ ಹನ್ನೆರಡು ನೂರ ಐವತ್ತಕ್ಕಿಂತ ಮೇಲೆ, ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸ. ಲೋಡ್ ಹಾಕಿದರೂ ಜಗ್ಗಲಿಲ್ಲ. ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಆಲ್ಟರ್ನೇಟರನ್ನು ಪರೀಕ್ಷೆಯ ಮೇಜಿಗೆ ಬಿಗಿದು, ಮೋಟರಿನ ಬೆಲ್ಟು ತೊಡಿಸಿ, ಅದರ ಫೀಲ್ಡಿನ, ಅಂದರೆ ಒಳಗಿನ ಸುರುಳಿಯ, ವಯರನ್ನು ನೇರ ಬ್ಯಾಟರಿಗೆ ಕೊಟ್ಟು ತಿರುಗಿಸಿದೆ. ಹದಿನಾಲ್ಕು ಪಾಯಿಂಟ್ ಎರಡು. ಕಾರ್ಬನ್ ಬ್ರಷ್ಷುಗಳು ಇನ್ನೂ ಉದ್ದವಿದ್ದವು. ಆದರೂ ಬಿಚ್ಚಿದ ಮೇಲೆ ಸುಮ್ಮನೆ ಹೇಗೆ ಮುಚ್ಚುವುದೆಂದು ಹೊಸ ಬ್ರಷ್ಷು ಹಾಕಿದೆ.

ಅಂಗಡಿಯ ಸೇಠ್ ನನ್ನ ಹಿಂದೆ ಬಂದು ನಿಂತರು. ಅವರಿಗೆ ನನ್ನ ಕೆಲಸದ ಮೇಲೆ ನಂಬಿಕೆ ಇತ್ತು, ಸಮಯದ ಮೇಲೆ ಇರಲಿಲ್ಲ. "ಅರೇ, ಮಾಲ್ ಠೀಕ್ ಹೈ ನಾ? ತೋ ಲಿಖ್ ದೇ, ಡ್ರೈವರ್ ಕೀ ಗಲ್ತೀ. ಖತಂ ಕರ್."

ಡ್ರೈವರ್ ತಪ್ಪೆಂದು ನಾನು ಬರೆದೆ. ಸೇಠ್ ಹೇಳಿದರೆಂದು ಬರೆದೆ ಎನ್ನಲಾರೆ, ನನಗೂ ಹಾಗೇ ಅನಿಸಿತ್ತು. ಮೂರು ಸಲ ಅಳೆದು ಮೂರು ಸಲವೂ ಮೀಟರು ಒಂದೇ ಉತ್ತರ ಕೊಟ್ಟಿರುವಾಗ ಮನುಷ್ಯನ ಮಾತಿಗೆ ಏನು ಬೆಲೆ? ಇಂಗ್ಲಿಷಿನಲ್ಲಿ ಎರಡೇ ಸಾಲು. ಬ್ಯಾಟರಿ ಮತ್ತು ಆಲ್ಟರ್ನೇಟರ್ ಸರಿಯಾಗಿವೆ. ವಾಹನ ನಿಂತಿದ್ದಾಗ ಡ್ರೈವರ್ ನಿರ್ಲಕ್ಷ್ಯದಿಂದ ವಿದ್ಯುತ್ ಬಳಸಿದ್ದರಿಂದ ಬ್ಯಾಟರಿ ಇಳಿದಿದೆ. ಕೆಳಗೆ ನನ್ನ ಸಹಿ, ಅಂಗಡಿಯ ಠಸ್ಸೆ. ಸೋಮವಾರ ಎಲ್ಲವನ್ನೂ ಕಾರಿಗೆ ಜೋಡಿಸಿ, ಮತ್ತೊಮ್ಮೆ ರೇಸ್ ಕೊಡಿಸಿ, ಹದಿನಾಲ್ಕು ವೋಲ್ಟು ತೋರಿಸಿ, ವರದಿಯನ್ನು ಮಾಲೀಕರ ಕೈಗೆ ಕೊಟ್ಟೆ.

ಮುಂದಿನ ಸೋಮವಾರ ಮಧ್ಯಾಹ್ನ ಆ ಡ್ರೈವರ್ ವರ್ತಕ ನಗರದ ಅಂಗಡಿಗೆ ಬಂದ. ಠಾಣೆ ಸ್ಟೇಷನ್ನಿನಿಂದ ನಡೆದೇ ಬಂದಿದ್ದನೋ ಏನೋ, ಮೊಣಕಾಲಿನವರೆಗೆ ನೆನೆದಿದ್ದ. ಕೊಡೆಯನ್ನು ಹೊರಗೇ ಬಿಟ್ಟು, ಒಳಗೆ ಬಂದು, ಶರ್ಟಿನ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ ತೆಗೆದ. ನನ್ನ ವರದಿಯ ಜೆರಾಕ್ಸ್.

"ಶನಿವಾರ ಮತ್ತ ಗಾಡಿ ನಿಂತಿತ್ರಿ. ತಿಂಗಳ ಮುಗದ ಮ್ಯಾಲ ಬರಬ್ಯಾಡ ಅಂದ್ರು ಸಾಹೇಬ್ರು. ಯಾಕ್ರಿ ಅಂದ್ರ ಈ ಕಾಗದ ಕೊಟ್ರು. ನನಗ ಇಂಗ್ಲೀಷ್ ಬರಂಗಿಲ್ಲ. ನನ್ನ ಬಗ್ಗೆ ಏನ ಬರದೀರಿ, ಒಂದ ಸಲ ಓದಿ ಹೇಳ್ರಿ."

ನಾನು ಓದಿದೆ. ಮೇಜಿನ ಮೇಲೆ ಬಗ್ಗಿ ಇಂಗ್ಲಿಷಿನಲ್ಲಿ ಬರೆಯುವಾಗ ಅದು ಫಾರಮ್ಮು ತುಂಬುವ ಕೆಲಸವಾಗಿತ್ತು. ಅದನ್ನೇ ಕನ್ನಡ ಮಾಡಿ, ಎದುರು ನಿಂತವನ ಮುಖ ನೋಡುತ್ತ ಹೇಳಬೇಕಾದಾಗ ನಿರ್ಲಕ್ಷ್ಯ ಎಂಬಲ್ಲಿ ನಾಲಿಗೆ ತಡವರಿಸಿತು.

"ನೀವು ಕಣ್ಣಾರೆ ನೋಡೀರೇನ್ರಿ?"

"ನೋಡ್ಲಿಲ್ಲ. ಆದರೆ ಬೇರೆ ಕಾರಣ ಇಲ್ಲ ಮಾರಾಯ. ಕಾರು ನಿಂತಾಗ ರೇಡಿಯೋ ಹಾಕ್ತಿದ್ದೆಯಲ್ಲ?"

"ಹ್ಯಾಂಗ ಹಾಕ್ಲಿ? ಕೀ ಅಮ್ಮಾರ ಚೀಲದಾಗ ಇರ್ತೈತ್ರಿ. ಕ್ಲಿನಿಕ್ ಮುಂದ ಇಳದ ಕೂಡ್ಲೆ ಕೈ ಚಾಚ್ತಾರ, ನಾ ಕೊಡ್ತೀನಿ. ಎಲ್ಲೆರ ಕಳದಗಿಳದ ಹಾಕ್ತೀನಿ ಅಂತ ಅವ್ರಿಗೆ ಅಂಜಿಕಿ. ಬಾಗಲಾ ಸೈತ ಲಾಕ್ ಇರ್ತೈತಿ."

"ಇದನ್ನು ಅವತ್ತೇ ಹೇಳ್ಬೇಕಿತ್ತಲ್ಲ?"

"ನೀವು ಕೇಳಿದ್ದು ಸಾಹೇಬ್ರನ್ನ. ನನ್ನ ಯಾರು ಕೇಳಿದ್ರು?" ಆತನ ದನಿ ಏರಲಿಲ್ಲ. "ಮತ್ತ ಅಮ್ಮಾರು ನನ್ನ ಕೈಯಾಗ ಕೀ ಬಿಡಂಗಿಲ್ಲ ಅಂತ ಮಗನ ಮುಂದ ಹ್ಯಾಂಗ ಹೇಳ್ಲಿ? ಕೆಲಸ ಹೋದ್ರ ಇನ್ನೊಂದ ಹುಡುಕ್ತೀನ್ರಿ. ಆದ್ರ ಗಾಡ್ಯಾಗ ಮಲಗಿ ಬ್ಯಾಟ್ರಿ ತಿಂತಾನ ಅಂತ ಗೇಟಿನ ವಾಚ್‌ಮನ್ ಈಗಾಗ್ಲೇ ಎಲ್ಲಾ ಡ್ರೈವರ್‌ಗೋಳಿಗೆ ಹೇಳ್ಯಾನ. ಐರೋಲ್ಯಾಗ ಇನ್ನ ಯಾರ ಕೊಡ್ತಾರ ನನಗ ಗಾಡಿ?"

ಅದು ನನಗೂ ಗೊತ್ತಿದ್ದ ಸಂಗತಿ. ಆ ವಸತಿ ಸೊಸೈಟಿಗಳಲ್ಲಿ ಡ್ರೈವರ್ ಬೇಕಾದವರು ಪೇಪರಿನಲ್ಲಿ ಜಾಹೀರಾತು ಹಾಕುವುದಿಲ್ಲ. ವಾಚ್‌ಮನ್‌ನನ್ನು ಕೇಳುತ್ತಾರೆ, ಇಲ್ಲವೇ ಪಕ್ಕದ ಮನೆಯ ಡ್ರೈವರನ್ನು. ನನ್ನ ಎರಡು ಸಾಲು ಆ ದಾರಿಯನ್ನು ಮುಚ್ಚಿಬಿಟ್ಟಿದ್ದವು.

ಆತನನ್ನು ಕೂರಿಸಿ ಚಹಾ ತರಿಸಿದೆ. ನಂತರ ಐರೋಲಿಯ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಮಾಲೀಕರ ತಾಯಿ. ಬ್ಯಾಟರಿ ಅಂಗಡಿಯವನು ಎಂದು ಹೇಳಿ, ಕೀ ವಿಷಯ ಕೇಳಿದೆ.

"ಹೌದಪ್ಪ, ನನ್ನ ಹತ್ರಾನೇ ಇಟ್ಕೋತೀನಿ. ಯಾಕೆ, ಅದರಲ್ಲೇನು ತಪ್ಪು?" ಎಂದರು. ತಪ್ಪೇನಿಲ್ಲ ಎಂದೆ. ಅವರಿಗೆ ಮಾತು ಬೇಕಾಗಿತ್ತು. "ಅಲ್ಲ, ಅವನನ್ನ ಬಿಡಿಸ್ತಾನಂತಲ್ಲ ನನ್ನ ಮಗ? ಅವನು ಓಡಿಸಿದ್ರೆ ಹೊಟ್ಟೇಲಿರೋ ನೀರೂ ಅಲ್ಲಾಡಲ್ಲ ಕಣಪ್ಪ. ನನ್ನ ಮಗ ಓಡಿಸಿದ್ರೆ ಸೊಂಟದಲ್ಲಿ ಹಾಕಿರೋ ಸ್ಕ್ರೂ ಒಂದೊಂದೂ ಎಣಿಸ್ಬೋದು."

ಫೋನ್ ಇಟ್ಟು ಲೆಕ್ಕ ಹಾಕಿದೆ. ಕಾರು ಬೀಗ ಹಾಕಿ ನಿಂತಾಗ ಕರೆಂಟು ಹೋಗಿಲ್ಲ. ಮನೆಯಲ್ಲಿ ರಾತ್ರಿ ನಿಂತಾಗಲೂ ಹೋಗಿಲ್ಲ, ಅದನ್ನು ನಾನೇ ಅಳೆದಿದ್ದೇನೆ. ಹಾಗಿದ್ದರೆ ಕಾರು ಓಡುವಾಗಲೇ ಬ್ಯಾಟರಿ ಇಳಿಯುತ್ತಿರಬೇಕು. ಅದೂ ಈತ ಓಡಿಸುವಾಗ ಮಾತ್ರ. ಈತ ಓಡಿಸುವಾಗ ನಾನು ಒಂದು ಸಲವೂ ಅಳೆದಿರಲಿಲ್ಲ. ಮೂರು ಸಲವೂ ಕಾರು ನಿಂತಿತ್ತು, ಸೀಟಿನಲ್ಲಿ ಮಾಲೀಕರಿದ್ದರು, ನಾನು ರೇಸ್ ಎಂದಿದ್ದೆ.

ಮಂಗಳವಾರ ಅಂಗಡಿಗೆ ರಜೆ. ಆ ದಿನ ಕಾರಿನಲ್ಲಿ ಆತನ ಪಕ್ಕ ಕುಳಿತು ಮುಲುಂಡಿಗೆ ಹೋಗಿ ಬರುವುದೆಂದು ನಿಶ್ಚಯ ಮಾಡಿದೆ. ಅಲ್ಲಿಯವರೆಗೆ ಯಾವ ಸ್ಕ್ರೂವನ್ನೂ ಮುಟ್ಟಬಾರದು, ಬಾನೆಟ್ಟಿನ ಹತ್ತಿರ ನಿಲ್ಲಬಾರದು, ರೇಸ್ ಕೊಡಿ ಎಂದು ಬಾಯಿ ತಪ್ಪಿಯೂ ಅನ್ನಬಾರದು. ಸೇಠ್‌ಗೆ ಹೇಳಿದಾಗ ಅವರು ಕನ್ನಡಕ ತೆಗೆದರು. "ಅಪನೀ ಹೀ ರಿಪೋರ್ಟ್ ಕೋ ಗಲತ್ ಬೋಲೇಗಾ ಕ್ಯಾ?" ನನ್ನ ವರದಿಯೇ ಆದರೂ ತಪ್ಪಿದ್ದರೆ ತಪ್ಪು ಎಂದೇ ಹೇಳುತ್ತೇನೆ ಎಂದೆ. ರಜೆಯ ದಿನ ನಿನ್ನದು, ಅಂಗಡಿಯ ಹೆಸರು ನನ್ನದು, ನೆನಪಿಟ್ಟುಕೋ ಎಂಬರ್ಥದಲ್ಲಿ ಗೊಣಗಿ ಒಳಗೆ ಹೋದರು.

ಮಾಲೀಕರಿಗೆ ಸಂಜೆ ಫೋನ್ ಮಾಡಿದೆ.

"ವರದಿ ನೀವೇ ಕೊಟ್ಟಿದ್ದೀರಲ್ಲ, ಇನ್ನೇನ್ರೀ ನೋಡೋದು?"

"ಆ ವರದಿಯ ಮೇಲೆ ನನಗೇ ಸಂಶಯ ಉಂಟು ಸರ್."

"ನಾಳೆ ಅಮ್ಮ ಹೇಗೂ ಹೋಗ್ಬೇಕು. ಅವರಿಗೆ ತೊಂದ್ರೆ ಆಗ್ದಿರೋ ಹಾಗೆ ನೋಡ್ಕೊಳ್ಳಿ," ಎಂದು ಇಟ್ಟುಬಿಟ್ಟರು.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಪಾರ್ಕಿಂಗಿನಲ್ಲಿದ್ದೆ. ಬ್ಯಾಟರಿಯ ಎರಡು ಟರ್ಮಿನಲ್ಲಿಗೆ ಉದ್ದನೆಯ ಎರಡು ವಯರು ಕಟ್ಟಿ, ಬಾನೆಟ್ಟಿನ ಸಂದಿಯಿಂದ ಹೊರಗೆ ತಂದು, ಕಿಟಕಿಯೊಳಗೆ ತೂರಿಸಿ, ಮೀಟರನ್ನು ತೊಡೆಯ ಮೇಲಿಟ್ಟುಕೊಂಡೆ. ಹಿಂದಿನ ಸೀಟಿನಲ್ಲಿ ತಾಯಿಯವರು ಎರಡು ದಿಂಬಿನ ನಡುವೆ ಕುಳಿತರು. ಕಾರನ್ನು ತಳ್ಳಿಸಿ ಸ್ಟಾರ್ಟ್ ಮಾಡಿ ಭಾನುವಾರ ಮಗ ಓಡಿಸಿದ್ದರಿಂದ ಬ್ಯಾಟರಿ ತುಂಬಿತ್ತು, ಹನ್ನೆರಡು ಪಾಯಿಂಟ್ ಆರು.

"ದಿನಾ ಹೇಗೆ ಓಡಿಸ್ತೀಯೋ ಹಾಗೇ ಓಡಿಸು," ಎಂದೆ. "ನಾನಿಲ್ಲಿ ಇಲ್ಲ ಅಂತ ತಿಳ್ಕೋ."

ಆತ ಸ್ಟಾರ್ಟ್ ಮಾಡಿದ. ಇಂಜಿನ್ ಸಣ್ಣಗೆ ಉಸಿರಾಡುತ್ತಿತ್ತು. ನಾನು ಮೀಟರು ನೋಡಿದೆ. ಹದಿನಾಲ್ಕು ಇರಬೇಕಾದಲ್ಲಿ ಹನ್ನೆರಡು ಪಾಯಿಂಟ್ ನಾಲ್ಕು.

ಕ್ಲಚ್ ಬಿಟ್ಟದ್ದು ಗೊತ್ತೇ ಆಗದಂತೆ ಕಾರು ಹೊರಟಿತು. ಗೇಟಿನ ಹೊರಗೆ ನೀರು ತುಂಬಿದ ಗುಂಡಿಗಳು. ಒಂದೊಂದನ್ನೂ ಬಳಸಿಕೊಂಡು, ಇಂಜಿನ್ ಗುಂಯ್ ಅನ್ನುವ ಮೊದಲೇ ಮುಂದಿನ ಗೇರಿಗೆ ಹಾಕುತ್ತ, ಸಿಗ್ನಲ್ ದೂರದಲ್ಲಿ ಕಂಡರೆ ಅಲ್ಲಿಂದಲೇ ಕಾಲು ತೆಗೆಯುತ್ತ ಓಡಿಸುತ್ತಿದ್ದ. ಅಷ್ಟು ಹದವಾಗಿ ಓಡಿಸುವವರನ್ನು ನಾನು ಹೆಚ್ಚು ಜನ ನೋಡಿಲ್ಲ. ವೈಪರು ಹಾಕಿದ. ಹನ್ನೆರಡು ಪಾಯಿಂಟ್ ಮೂರು. ಮಳೆಗೆ ಕತ್ತಲಾದದ್ದರಿಂದ ದೀಪ ಹಾಕಿದ. ಎರಡು. ಸೇತುವೆಯ ಮೇಲೆ ಹನ್ನೆರಡು ಪಾಯಿಂಟ್ ಒಂದು. ಇಂಜಿನ್ ಓಡುತ್ತಿದೆ, ಬೆಲ್ಟು ತಿರುಗುತ್ತಿದೆ, ಆಲ್ಟರ್ನೇಟರೂ ಅದರ ಜೊತೆ ಸುತ್ತುತ್ತಿದೆ, ಆದರೆ ಚಾರ್ಜ್ ಸೊನ್ನೆ. ದಾರಿಯುದ್ದಕ್ಕೂ ಕಾರು ಬ್ಯಾಟರಿಯನ್ನೇ ತಿಂದುಕೊಂಡು ಹೋಗುತ್ತಿತ್ತು. ಚಾರ್ಜ್ ಇಲ್ಲದಿದ್ದರೆ ಹತ್ತಲೇಬೇಕಾದ ಕೆಂಪು ದೀಪ ಮಾತ್ರ ಹತ್ತಿರಲಿಲ್ಲ.

ಒಮ್ಮೆ ಜೋರಾಗಿ ಒತ್ತು ಎನ್ನಲು ನಾಲಿಗೆ ತುದಿಯವರೆಗೆ ಬಂದದ್ದನ್ನು ತಡೆದುಕೊಂಡೆ. ಹಿಂದಿನಿಂದ ತಾಯಿಯವರು, "ಏನಪ್ಪ, ಸುಮ್ಮನಾಗ್ಬಿಟ್ಟೆ?" ಎಂದು ಕೇಳಿದರು. ಏನಿಲ್ಲಮ್ಮ, ಲೆಕ್ಕ ಹಾಕುತ್ತಿದ್ದೇನೆ ಎಂದೆ.

ಕ್ಲಿನಿಕ್ಕಿನ ಮುಂದೆ ಆತ ಕಾರು ನಿಲ್ಲಿಸಿ, ಕೀ ತೆಗೆದು, ಅವರನ್ನು ಕೈಹಿಡಿದು ಇಳಿಸಿದ. ಅವರು ಅಂಗೈ ಚಾಚಿದರು. ಆತ ನನ್ನ ಕಡೆ ನೋಡಿದ.

"ಇವತ್ತು ಒಂದು ದಿನ ಕೀ ನಮ್ಮ ಹತ್ರ ಇರ್ಲಿ ಅಮ್ಮ," ಎಂದೆ. ಅವರು ಒಲ್ಲದ ಮನಸ್ಸಿನಿಂದ ಒಪ್ಪಿ ಒಳಗೆ ಹೋದರು.

ನಾನು ಮೊದಲ ಬಾರಿಗೆ ಆ ಕಾರಿನ ಡ್ರೈವರ್ ಸೀಟಿನಲ್ಲಿ ಕುಳಿತೆ. ಇಷ್ಟು ದಿನ ಕೀ ತಿರುಗಿಸಿದ್ದು ಬೇರೆಯವರು, ನಾನು ಬಾನೆಟ್ಟಿನ ಹಿಂದೆ. ಈಗ ಕೀಯನ್ನು ಅರ್ಧ ತಿರುಗಿಸಿ, ಸ್ಟಾರ್ಟ್ ಮಾಡದೆ ಸ್ಟೀರಿಂಗಿನ ಮುಂದಿನ ಮೀಟರಿನ ಫಲಕ ನೋಡಿದೆ. ಆಯಿಲ್ಲಿನ ದೀಪ ಹತ್ತಿತು. ಹ್ಯಾಂಡ್‌ಬ್ರೇಕಿನ ದೀಪ ಹತ್ತಿತು. ಅವುಗಳ ಪಕ್ಕ ಬ್ಯಾಟರಿಯ ಗುರುತು ಇರಬೇಕಾದ ಜಾಗ ಕಪ್ಪಾಗಿತ್ತು. ಇಂಜಿನ್ ಸ್ಟಾರ್ಟ್ ಆಗುವ ಮೊದಲು ಆ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಒಂದು ದಿನವೂ ನೋಡಿಲ್ಲ ಎಂದು ಮಾಲೀಕರು ಹೇಳಿದಾಗ ನಾನು ಹುಬ್ಬು ಗಂಟಿಕ್ಕಬೇಕಿತ್ತು. ಒಳ್ಳೆಯದಾಯಿತು ಎಂದು ಬರೆದುಕೊಂಡಿದ್ದೆ.

ಆ ಕಾಲದ ಕಾರುಗಳಲ್ಲಿ ಆ ದೀಪಕ್ಕೆ ಇನ್ನೊಂದು ಕೆಲಸವೂ ಇತ್ತು. ಆಲ್ಟರ್ನೇಟರ್ ತಾನಾಗಿ ಕರೆಂಟು ಹುಟ್ಟಿಸಲು ಶುರು ಮಾಡುವುದಿಲ್ಲ. ಅದರ ಒಳಗಿನ ಸುರುಳಿಗೆ ಹೊರಗಿನಿಂದ ಒಂದಿಷ್ಟು ಕರೆಂಟು ಹೋಗಿ ಅದು ಅಯಸ್ಕಾಂತವಾಗಬೇಕು. ಆ ಮೊದಲ ಕರೆಂಟು ಹೋಗುವ ದಾರಿ ಈ ಬಲ್ಬಿನ ಮೂಲಕ. ಬಲ್ಬು ಸುಟ್ಟರೆ ದಾರಿ ಕಡಿಯಿತು. ಆದರೂ ಕಬ್ಬಿಣದಲ್ಲಿ ಅಷ್ಟಿಷ್ಟು ಅಯಸ್ಕಾಂತ ಉಳಿದಿರುತ್ತದೆ. ಜೋರಾಗಿ ತಿರುಗಿಸಿದರೆ ಅದರ ಬಲದಿಂದಲೇ ಎದ್ದುಬಿಡುತ್ತದೆ, ಮತ್ತೆ ಇಂಜಿನ್ ಆರಿಸುವವರೆಗೂ ಸರಿಯಾಗಿಯೇ ಕೆಲಸ ಮಾಡುತ್ತದೆ. ಇದೆಲ್ಲ ಐಟಿಐಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ.

ಸ್ಟಾರ್ಟ್ ಮಾಡಿದೆ. ಹನ್ನೆರಡು. ಎಕ್ಸಲರೇಟರನ್ನು ಒಂದೇ ಒಂದು ಸಲ ನೆಲಕ್ಕೆ ಒತ್ತಿ ಬಿಟ್ಟೆ. ಹದಿನಾಲ್ಕು ಪಾಯಿಂಟ್ ಎರಡು, ಇಂಜಿನ್ ವೇಗ ಇಳಿದ ಮೇಲೂ ಅಲ್ಲೇ ನಿಂತಿತು. ಆರಿಸಿ ಮತ್ತೆ ಸ್ಟಾರ್ಟ್ ಮಾಡಿದೆ. ಹನ್ನೆರಡು. ಒತ್ತಿದೆ. ಹದಿನಾಲ್ಕು. ಐದು ಸಲ ಮಾಡಿದೆ, ಐದು ಸಲವೂ ಹಾಗೇ ಆಯಿತು. ಹಿಂದಿನ ಮೂರು ಪರೀಕ್ಷೆಯಲ್ಲೂ ರೇಸ್ ಕೊಡಿಸಿ ನಾನೇ ರೋಗವನ್ನು ವಾಸಿ ಮಾಡಿ, ಆಮೇಲೆ ಅಳೆದು, ರೋಗವಿಲ್ಲ ಎಂದಿದ್ದೆ. ಅಂಗಡಿಯ ಮೇಜಿನ ಮೇಲಂತೂ ಫೀಲ್ಡಿಗೆ ನನ್ನ ಕೈಯಾರೆ ಕರೆಂಟು ಕೊಟ್ಟಿದ್ದೆ.

ಡ್ರೈವರ್ ಕಿಟಕಿಯ ಹತ್ತಿರ ಬಗ್ಗಿ ಎಲ್ಲವನ್ನೂ ನೋಡುತ್ತಿದ್ದ. ಆತನಿಗೆ ವಿವರಿಸಿದೆ. ಕೇಳಿ ಮುಗಿಸಿ 'ಹೂಂ' ಎಂದ.

"ಅಂದ್ರ ನಾ ಜೋರ ಓಡಸ್ಬೇಕಾಗಿತ್ತೇನ್ರಿ?"

"ಇಲ್ಲ," ಎಂದೆ. "ನೀವು ಓಡಿಸಿದ್ದೇ ಸರಿ. ನಾನು ನೋಡಿದ್ದು ತಪ್ಪು. ನನ್ನಿಂದ ತಪ್ಪಾಯ್ತು."

ಆತ ಕ್ಲಿನಿಕ್ಕಿನ ಬಾಗಿಲ ಕಡೆ ನೋಡಿ, ಅಮ್ಮಾರು ಬರೋದ್ರೊಳಗ ಗಾಡಿ ತಿರುಗಿಸಿ ನಿಂದ್ರಸ್ಬೇಕ್ರಿ ಎಂದಷ್ಟೇ ಅಂದ. ನನಗೆ ಅವಮಾನವಾಯಿತು. ಬೈದಿದ್ದರೆ ಹಗುರಾಗುತ್ತಿತ್ತು.

ಐರೋಲಿಗೆ ಮರಳಿದ ಮೇಲೆ ಮಧ್ಯಾಹ್ನವಿಡೀ ಪಾರ್ಕಿಂಗಿನಲ್ಲೇ ಕೆಲಸ. ಸ್ಟೀರಿಂಗಿನ ಸುತ್ತಲಿನ ಪ್ಲಾಸ್ಟಿಕ್ ಬಿಚ್ಚಿ, ಸ್ಪೀಡೋಮೀಟರಿನ ಕೇಬಲ್ ಕಳಚಿ, ಮೀಟರಿನ ಫಲಕವನ್ನು ಹೊರಗೆಳೆದೆ. ಆತ ಟಾರ್ಚ್ ಹಿಡಿದ. ಬಲ್ಬು ಬಟಾಣಿ ಕಾಳಿನಷ್ಟಿತ್ತು. ಗಾಜು ಒಳಗಿನಿಂದ ಮಸಿ ಹಿಡಿದು, ತಂತಿ ತುಂಡಾಗಿತ್ತು. ಹೊಸದನ್ನು ಹಾಕಿ ಕೀ ತಿರುಗಿಸಿದರೆ ಬ್ಯಾಟರಿಯ ಗುರುತು ಕೆಂಪಗೆ ಹತ್ತಿತು. ಸ್ಟಾರ್ಟ್ ಮಾಡಿದ ಕೂಡಲೇ ಆರಿತು. ಎಕ್ಸಲರೇಟರ್ ಮುಟ್ಟದೆಯೇ ಹದಿನಾಲ್ಕು ಪಾಯಿಂಟ್ ಒಂದು. ಹತ್ತು ಸಲ ಆರಿಸಿ ಹತ್ತು ಸಲ ಹಚ್ಚಿದೆವು.

ಮಾಲೀಕರು ಕಂಪನಿಯ ಬಸ್ಸಿಳಿದು ಆರೂವರೆಗೆ ಬಂದರು. ತಾಯಿಯವರೂ ವಾಕರ್ ಹಿಡಿದು ಲಿಫ್ಟಿನಲ್ಲಿ ಇಳಿದು ಬಂದಿದ್ದರು. ಹಳೆಯ ಬಲ್ಬನ್ನು ಮತ್ತೆ ಹಾಕಿ, ಮಾಲೀಕರಿಗೆ ಮೊದಲಿನಿಂದ ಎಲ್ಲವನ್ನೂ ತೋರಿಸಿ, ಹೊಸದನ್ನು ಮತ್ತೆ ಕೂರಿಸಿದೆ. ಹಣಕಾಸಿನವರಾದ್ದರಿಂದ ಅಂಕಿಗಳನ್ನು ಬೇಗ ಹಿಡಿದರು.

"ಹಾಗಾದ್ರೆ ಭಾನುವಾರ ನನಗ್ಯಾಕೆ ಏನೂ ಆಗ್ತಿರ್ಲಿಲ್ಲ?"

"ನೀವು ಗೇಟು ದಾಟುವ ಮೊದಲೇ ಗೊರ್ ಅನ್ನಿಸ್ತೀರಿ ಸರ್."

ತಾಯಿಯವರು ನಕ್ಕರು. ಮಾಲೀಕರಿಗೆ ನಗು ಬರಲಿಲ್ಲ. ಸುಟ್ಟ ಬಲ್ಬನ್ನು ಅಂಗೈಯಲ್ಲಿ ಉರುಳಿಸಿ ನೋಡಿ ನನಗೆ ವಾಪಸು ಕೊಟ್ಟರು. "ನೀವು ಮೊದಲೇ ಸರಿಯಾಗಿ ನೋಡಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ," ಎಂದರು. ಅದು ನಿಜ. ಹೌದು ಸರ್ ಎಂದೆ. ಆಮೇಲೆ ಡ್ರೈವರ್ ಕಡೆ ತಿರುಗಿ, "ಆಯ್ತು ಬಿಡಪ್ಪ, ಏನೂ ಮನಸ್ಸಿಗೆ ಹಚ್ಕೋಬೇಡ. ಮುಂದಿನ ತಿಂಗಳೂ ನೀನೇ ಬಾ," ಎಂದರು.

"ಬರ್ತೀನ್ರಿ ಸಾಹೇಬ್ರ. ಆದ್ರ ಕಾಗದ ಬೇಕ್ರಿ. ಮೊದಲಿಂದು ಕಾಗದದಾಗ ಐತಲ್ರಿ, ಇದೂ ಕಾಗದದಾಗ ಇರ್ಲಿ."

ಅಂಗಡಿಯ ಹೆಸರು ಮುದ್ರಿಸಿದ ಹಾಳೆ, ಠಸ್ಸೆ ಎರಡೂ ಚೀಲದಲ್ಲಿದ್ದವು. ಹಾಳೆಯನ್ನು ಬಾನೆಟ್ಟಿನ ಮೇಲಿಟ್ಟುಕೊಂಡು ಬರೆಯಲು ನಿಂತೆ. ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಶುರು ಮಾಡಿ, ನಿಲ್ಲಿಸಿ, "ಕನ್ನಡ ಓದಲು ಬರ್ತದಲ್ಲ ನಿಮಗೆ?" ಎಂದು ಕೇಳಿದೆ. ನಾಲ್ಕನೇ ಇಯತ್ತೆಯವರೆಗೆ ಸಾಲಿಗೆ ಹೋಗೀನ್ರಿ ಎಂದ. ಬೇರೆ ಹಾಳೆ ತೆಗೆದು ಕನ್ನಡದಲ್ಲಿ ಬರೆದೆ. ಬ್ಯಾಟರಿ ಇಳಿದದ್ದಕ್ಕೆ ಕಾರಣ ಸುಟ್ಟುಹೋದ ಬಲ್ಬು. ಇದರಲ್ಲಿ ಡ್ರೈವರ್ ತಪ್ಪು ಏನೂ ಇಲ್ಲ. ಹಿಂದಿನ ವರದಿಯನ್ನು ನಾನು ಸರಿಯಾಗಿ ಪರೀಕ್ಷೆ ಮಾಡದೆ ಬರೆದಿದ್ದೆ. ಸಹಿ ಹಾಕಿ, ಠಸ್ಸೆ ಒತ್ತಿ ಕೊಟ್ಟೆ.

ಆತ ಪಾರ್ಕಿಂಗಿನ ಟ್ಯೂಬ್‌ಲೈಟಿನ ಕೆಳಗೆ ಹೋಗಿ ನಿಂತು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ನಾವು ಮೂವರೂ ಕಾದೆವು. ಗೇಟಿನ ವಾಚ್‌ಮನ್‌ಗೆ ಕನ್ನಡ ಬಾರದು, ಆದರೂ ಕುರ್ಚಿಯಿಂದ ಎದ್ದು ಇತ್ತ ನೋಡುತ್ತಿದ್ದ. ಕೊನೆಯ ಸಾಲಿನವರೆಗೆ ಓದಿ, ಹಾಳೆಯನ್ನು ತಂದು ಮತ್ತೆ ಬಾನೆಟ್ಟಿನ ಮೇಲಿಟ್ಟ.

"ಡ್ರೈವರ್ ಅಂದ್ರ ಯಾರ್ರಿ? ಈ ಸೊಸೈಟ್ಯಾಗ ಮೂವತ್ತ ಮಂದಿ ಅದೀವಿ. ನನ್ನ ಹೆಸರ ಬರೀರಿ."

ನಾನು ಪೆನ್ನು ತೆಗೆದೆ. ಹೆಸರು ನನಗೆ ಗೊತ್ತಿರಲಿಲ್ಲ. ಮಾಲೀಕರ ಮುಖ ನೋಡಿದೆ. ಅವರು ಮನೆಯಲ್ಲಿ ಕರೆಯುವ ಅರ್ಧ ಹೆಸರನ್ನು ಹೇಳಿ, ಮುಂದಿನದು ತಿಳಿಯದೆ ನಿಂತರು. ಆತ ಪ್ಯಾಂಟಿನ ಜೇಬಿನಿಂದ ಲೈಸನ್ಸ್ ತೆಗೆದು ನನ್ನ ಕಣ್ಣ ಮುಂದೆ ಹಿಡಿದ. ಅದನ್ನು ನೋಡಿಕೊಂಡು ಅವರ ಹೆಸರು, ಅವರ ತಂದೆಯ ಹೆಸರು, ಅಡ್ಡಹೆಸರು, ಮೂರನ್ನೂ ಬರೆದೆ.